ಹರಾಜಾದ ಕನ್ನಡಕ ಮತ್ತು ಶ್ರಾವಕನ ದೃಷ್ಟಿ

ಹಳೆಯ ಗಡಿಯಾರ, ಹಿತ್ತಾಳೆಯ ದುರ್ಬೀನು, ಸೂಕ್ಷ್ಮದರ್ಶಕ, ಕನ್ನಡಕ, ನಾಣ್ಯ ಮೊದಲಾದವುಗಳನ್ನು ಹರಾಜಿನಲ್ಲಿ ಕೊಂಡು ಸಂಗ್ರಹಿಸುವ ಹವ್ಯಾಸವು ಒಂದು ಕಾಲಕ್ಕೆ ಸಂಸ್ಥಾನಿಕರಿಗೂ ವಿದೇಶೀಯರಿಗೂ ಮೀಸಲಾಗಿತ್ತು. ಇಂದು ಅದು ನಮ್ಮ ವ್ಯಾಪಾರಸ್ಥ ಕುಟುಂಬಗಳ ಪಡಸಾಲೆಗೂ ಬಂದಿದೆ. ಹುಬ್ಬಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದವರು ಗೋಡೆಗೆ ತೂಗುಹಾಕಲು ಹಳೆಯ ಗಡಿಯಾರವನ್ನು ಹುಡುಕುತ್ತಾರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಹಳೆಯ ವಾಡೆಗಳು ಬರಿದಾಗುವಾಗ ಅಂಥ ಗಡಿಯಾರಗಳೇ ಹಿತ್ತಾಳೆ ಪಾತ್ರೆಗಳೊಡನೆ ಗುಜರಿಯವನ ಚೀಲವನ್ನು ಸೇರುತ್ತವೆ. ಕೊಳ್ಳುವವನೂ ನಮ್ಮವನೇ, ಮಾರುವವನೂ ನಮ್ಮವನೇ ಆಗಿರುವಾಗ, ಈ ವ್ಯವಹಾರವನ್ನು ಶ್ರಾವಕಾಚಾರದ ಬೆಳಕಿನಲ್ಲಿ ಒಮ್ಮೆ ಪರಿಶೀಲಿಸುವುದು ಅಗತ್ಯವಾಗಿದೆ.

ಇದಕ್ಕೆ ಕನ್ನಡ ನಾಡಿಗೆ ಸಂಬಂಧಿಸಿದ ಒಂದು ಪ್ರಸಿದ್ಧ ಪ್ರಸಂಗವೇ ನಮ್ಮ ಮುಂದಿದೆ. 2009ರ ಮಾರ್ಚ್ 5ರಂದು ನ್ಯೂಯಾರ್ಕಿನ ಆಂಟಿಕೋರಮ್ ಎಂಬ ಹರಾಜು ಸಂಸ್ಥೆಯಲ್ಲಿ ಮಹಾತ್ಮಾ ಗಾಂಧಿಯವರ ದುಂಡು ಕನ್ನಡಕ, ಜೆನಿತ್ ಕಂಪನಿಯ ಬೆಳ್ಳಿಯ ಜೇಬುಗಡಿಯಾರ, ಒಂದು ಜೊತೆ ಚಪ್ಪಲಿ, ಒಂದು ಬಟ್ಟಲು ಮತ್ತು ತಟ್ಟೆ ಹರಾಜಿಗೆ ಬಂದವು. ಅವುಗಳ ಒಡೆಯ ಜೇಮ್ಸ್ ಓಟಿಸ್ ಎಂಬ ಅಮೆರಿಕನ್ ಸಂಗ್ರಾಹಕ. ಎರಡು ದಿನ ಮೊದಲು, ಗಾಂಧೀಜಿಯೇ ಸ್ಥಾಪಿಸಿದ್ದ ನವಜೀವನ ಟ್ರಸ್ಟಿನ ಅರ್ಜಿಯ ಮೇರೆಗೆ ದಿಲ್ಲಿ ಉಚ್ಚ ನ್ಯಾಯಾಲಯವು ಹರಾಜಿಗೆ ತಡೆಯಾಜ್ಞೆ ನೀಡಿತ್ತು. ಭಾರತ ಸರ್ಕಾರವು ಬಡವರಿಗಾಗಿ ಮಾಡುವ ವೆಚ್ಚವನ್ನು ಹೆಚ್ಚಿಸುವುದಾದರೆ ಹರಾಜನ್ನು ಕೈಬಿಡುವುದಾಗಿ ಓಟಿಸ್ ಹೇಳಿದ್ದರು. ಕೊನೆಯ ಗಳಿಗೆಯಲ್ಲಿ ವಸ್ತುಗಳನ್ನು ಹಿಂತೆಗೆದುಕೊಳ್ಳುವುದಾಗಿಯೂ ಪ್ರಕಟಿಸಿದರು. ಆದರೂ ಹರಾಜು ನಡೆಯಿತು. ಇಪ್ಪತ್ತು–ಮೂವತ್ತು ಸಾವಿರ ಡಾಲರ್ ಬರಬಹುದೆಂದು ಅಂದಾಜಿಸಿದ್ದ ವಸ್ತುಗಳು 18 ಲಕ್ಷ ಡಾಲರಿಗೆ, ಅಂದಿನ ಲೆಕ್ಕದಲ್ಲಿ ಸುಮಾರು 9 ಕೋಟಿ ರೂಪಾಯಿಗಳಿಗೆ ಹೋದವು. ಕೊಂಡವರು ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ.

ದೇಶದ ಮಾನ ಉಳಿಯಿತು ಎಂದು ಬಹಳ ಜನ ಸಂತೋಷಪಟ್ಟರು. ಖರೀದಿಯ ಹಿಂದೆ ಸರ್ಕಾರವೇ ಇತ್ತೆಂದು ಕೇಂದ್ರದ ಸಚಿವರು ಹೇಳಿದರೆ, ಅದು ತಮ್ಮ ಸ್ವಂತ ನಿರ್ಧಾರವೆಂದು ಮಲ್ಯರು ಹೇಳಿದರು. ಪಾನನಿಷೇಧವನ್ನು ಬಾಳಿನುದ್ದಕ್ಕೂ ಸಾರಿದವರ ಕನ್ನಡಕವನ್ನು ಮದ್ಯದ ಉದ್ಯಮಿಯೊಬ್ಬರು ಕೊಂಡರೆಂಬ ವ್ಯಂಗ್ಯವನ್ನು ಪತ್ರಿಕೆಗಳು ಎತ್ತಿ ತೋರಿಸಿದವು. ಮದ್ಯತ್ಯಾಗವನ್ನು ಅಷ್ಟಮೂಲಗುಣಗಳಲ್ಲಿ ಎಣಿಸುವ ನಮ್ಮವರಿಗೆ ಆ ಟೀಕೆ ಸಹಜವಾಗಿಯೇ ಹಿಡಿಸಿತು. ಆದರೆ ಅದು ಸುಲಭದ ಟೀಕೆ. ಅವೇ ವಸ್ತುಗಳನ್ನು ಮದ್ಯವನ್ನು ಮುಟ್ಟದ ಒಬ್ಬ ಸಾತ್ವಿಕ ವ್ಯಾಪಾರಿಯು, ನಮ್ಮ ಸಮಾಜದವನೇ ಆದ ಒಬ್ಬ ಶ್ರಾವಕನು, ಅಷ್ಟೇ ಬೆಲೆಗೆ ಕೊಂಡಿದ್ದರೆ ಆಗ ಏನೆನ್ನಬೇಕು? ಕೊಂಡವನ ವೃತ್ತಿಯನ್ನು ಬದಿಗಿಟ್ಟು, ಕೊಳ್ಳುವ ಕ್ರಿಯೆಯನ್ನೇ ವಿಮರ್ಶಿಸಿದಾಗ ಮಾತ್ರ ಈ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೆ ಬರುತ್ತದೆ.

ಆ ವಸ್ತುಗಳ ಹಿನ್ನೆಲೆಯನ್ನು ನೋಡಬೇಕು. ಹರಾಜು ಸಂಸ್ಥೆಯೇ ತಿಳಿಸಿದಂತೆ ಅವು ಗಾಂಧೀಜಿ ಬೇರೆ ಬೇರೆ ಸಂದರ್ಭಗಳಲ್ಲಿ ಪರರಿಗೆ ಕೊಟ್ಟುಬಿಟ್ಟವು. ಗಡಿಯಾರವನ್ನು ಅವರು ಕೊಟ್ಟದ್ದು ಮೊಮ್ಮಗಳ ಸ್ಥಾನದಲ್ಲಿದ್ದ ಆಭಾ ಗಾಂಧಿಗೆ. ಅಂದರೆ ತ್ಯಾಗದ ಮೂಲಕ ಕೈಬಿಟ್ಟ ವಸ್ತುಗಳೇ ಕೈಯಿಂದ ಕೈಗೆ ಸಾಗಿ, ಕೊನೆಗೆ ಪೈಪೋಟಿಯ ಮೂಲಕ ಮತ್ತೊಬ್ಬರ ಒಡೆತನಕ್ಕೆ ಬಂದವು.

ಇಂಥ ವಸ್ತುಗಳನ್ನು ಏನು ಮಾಡಬೇಕೆಂಬುದನ್ನು ಗಾಂಧೀಜಿ ಸ್ವತಃ ನಿರ್ಣಯಿಸಿದ್ದರು. 1901ರಲ್ಲಿ ಅವರು ದಕ್ಷಿಣ ಆಫ್ರಿಕದಿಂದ ಹೊರಟಾಗ ನಾತಾಲದ ಭಾರತೀಯರು ಚಿನ್ನದ ಸರ, ಚಿನ್ನದ ಗಡಿಯಾರಗಳು, ವಜ್ರದುಂಗುರಗಳನ್ನು ಕಾಣಿಕೆಯಾಗಿ ಒಪ್ಪಿಸಿದರು. ಕಸ್ತೂರಬಾ ಅವರಿಗೆ ಬೆಲೆಬಾಳುವ ಒಂದು ಕಂಠಹಾರ ಬಂದಿತ್ತು. ಆ ರಾತ್ರಿ ತಮಗೆ ನಿದ್ರೆ ಬರಲಿಲ್ಲವೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮುಂದೆ ಬರುವ ಸೊಸೆಯಂದಿರಿಗಾದರೂ ಇರಲಿ ಎಂದು ಕಸ್ತೂರಬಾ ವಾದಿಸಿದರು. ನಮ್ಮ ಯಾವ ಮನೆಯಲ್ಲಿಯೂ ಕೇಳಬಹುದಾದ ಮಾತು ಅದು. ಕೊನೆಗೆ ಅವೆಲ್ಲವನ್ನೂ ಸಮಾಜಸೇವೆಗಾಗಿ ಒಂದು ಟ್ರಸ್ಟಿಗೆ ಬರೆದುಕೊಟ್ಟು ಬ್ಯಾಂಕಿನಲ್ಲಿರಿಸಲಾಯಿತು. ಗಾಂಧೀಜಿಯ ಈ ಮನೋಧರ್ಮವನ್ನು ಗಾಢವಾಗಿ ಪ್ರಭಾವಿಸಿದವರಲ್ಲಿ ಶ್ರೀಮದ್ ರಾಜಚಂದ್ರರು ಪ್ರಮುಖರೆಂಬುದನ್ನು ಜೈನರು ಬಲ್ಲರು. 1891ರಲ್ಲಿ ಮುಂಬಯಿಯಲ್ಲಿ ಗಾಂಧೀಜಿ ಅವರನ್ನು ಕಂಡಾಗ ಅವರು ಮುತ್ತುರತ್ನಗಳ ವ್ಯಾಪಾರಿಯಾಗಿದ್ದರು. ಅಮೂಲ್ಯ ವಸ್ತುಗಳ ನಡುವೆ ಕುಳಿತು ವ್ಯವಹರಿಸುತ್ತಲೇ ಆತ್ಮಚಿಂತನೆಯಲ್ಲಿ ತೊಡಗಿದ ಆ ಮಹನೀಯರ ಬದುಕು, ಬೆಲೆಯುಳ್ಳ ವಸ್ತುವನ್ನು ಮುಟ್ಟುವುದೇ ಪಾಪವಲ್ಲವೆಂದು ತೋರಿಸುತ್ತದೆ.

ಹರಾಜು ಎಂಬ ಪದ್ಧತಿಯೂ ಸ್ವಭಾವತಃ ಕೆಟ್ಟದ್ದಲ್ಲ. 1933ರಲ್ಲಿ ಆರಂಭವಾಗಿ 1934ರಲ್ಲಿ ಕರ್ನಾಟಕದಲ್ಲಿಯೂ ಸಾಗಿದ ಹರಿಜನ ಯಾತ್ರೆಯಲ್ಲಿ ಗಾಂಧೀಜಿ ತಮಗೆ ಬಂದ ಮಾನಪತ್ರ, ಬೆಳ್ಳಿಯ ಕರಂಡಕ, ಆಭರಣಗಳನ್ನು ಸಭೆಯಲ್ಲಿಯೇ ತಾವೇ ಹರಾಜು ಕೂಗಿ ನಿಧಿಗೆ ಹಣ ಕೂಡಿಸುತ್ತಿದ್ದರು. ನಮ್ಮ ಬಸದಿಗಳಲ್ಲಿ ಪಂಚಕಲ್ಯಾಣ, ಅಭಿಷೇಕಗಳ ಸಂದರ್ಭದಲ್ಲಿ ನಡೆಯುವ ಸವಾಲನ್ನೂ ಇಲ್ಲಿ ನೆನೆಯಬೇಕು. ಸವಾಲಿನಲ್ಲಿ ಗೆದ್ದವನಿಗೆ ಸಿಗುವುದು ಪ್ರಥಮ ಕಲಶದ ಅಭಿಷೇಕ ಮಾಡುವ ಅವಕಾಶ. ಹಣ ಬಸದಿಗೆ ಸೇರುತ್ತದೆ, ಅವನು ಬರಿಗೈಯಿಂದ ಮನೆಗೆ ಮರಳುತ್ತಾನೆ. ಅಲ್ಲಿಯೂ ಮಾನಕಷಾಯ ತಲೆಯೆತ್ತದೆ ಇರುವುದಿಲ್ಲ. ಹೆಸರಿಗಾಗಿ ಮೊತ್ತ ಏರಿಸುವವರನ್ನು ನಾವೆಲ್ಲ ಕಂಡಿದ್ದೇವೆ. ಆದರೂ ಆ ಸವಾಲಿನ ರಚನೆಯಲ್ಲಿಯೇ ತ್ಯಾಗವಿದೆ. ಸಂಗ್ರಾಹಕರ ಹರಾಜಿನಲ್ಲಿ ರಚನೆಯೇ ಬೇರೆ. ಅಲ್ಲಿ ಗೆದ್ದವನು ವಸ್ತುವನ್ನು ಒಯ್ಯುತ್ತಾನೆ, ಅದನ್ನು ಕಾಯುತ್ತಾನೆ, ನಾಳೆ ಅದರ ಬೆಲೆ ಏರಲೆಂದು ಬಯಸುತ್ತಾನೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಬೆಲೆಯನ್ನಾಗಲಿ ಎಣಿಕೆಯನ್ನಾಗಲಿ ಹೇಳಲಿಲ್ಲ. ಮೂರ್ಛೆಯನ್ನು, ಅಂದರೆ ಮಮತ್ವಭಾವವನ್ನು ಹೇಳಿದರು. ಗೃಹಸ್ಥನ ಪರಿಗ್ರಹ ಪರಿಮಾಣ ವ್ರತಕ್ಕೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರಿದೆ. ಅಳೆಯಬೇಕಾದದ್ದು ಕಪಾಟಿನ ವಸ್ತುಗಳನ್ನಷ್ಟೇ ಅಲ್ಲ, ಮನಸ್ಸಿನ ಬಯಕೆಯನ್ನು ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ. ಮನೆಯ ಪಾತ್ರೆ, ವಸ್ತ್ರ, ಸಲಕರಣೆಗಳೂ ‘ಕುಪ್ಯ’ ಎಂಬ ಹೆಸರಿನಲ್ಲಿ ಈ ವ್ರತದ ಮಿತಿಗೆ ಒಳಪಡುತ್ತವೆ. ಆದ್ದರಿಂದ ಹಳೆಯ ಗಡಿಯಾರವು ಚಿನ್ನವಲ್ಲ, ಭೂಮಿಯಲ್ಲ, ಬರಿಯ ಹವ್ಯಾಸವೆಂದು ಹೇಳಿ ವ್ರತದಿಂದ ಹೊರಗಿಡಲು ಬರುವುದಿಲ್ಲ.

ಮೂರ್ಛೆಯು ಬೆಲೆಯನ್ನು ಹೇಗೆ ಸೃಷ್ಟಿಸುತ್ತದೆಂಬುದಕ್ಕೆ ಇನ್ನೊಂದು ಕನ್ನಡಕವೇ ಸಾಕ್ಷಿ. 2020ರಲ್ಲಿ ಇಂಗ್ಲೆಂಡಿನ ಈಸ್ಟ್ ಬ್ರಿಸ್ಟಲ್ ಆಕ್ಷನ್ಸ್ ಎಂಬ ಸಂಸ್ಥೆಯ ಅಂಚೆಪೆಟ್ಟಿಗೆಯಲ್ಲಿ ಯಾರೋ ಒಂದು ಸಾಧಾರಣ ಲಕೋಟೆಯನ್ನು ಹಾಕಿಹೋದರು. ಅದರೊಳಗೆ ಚಿನ್ನದ ಲೇಪದ ಚೌಕಟ್ಟಿನ, ಗಾಂಧೀಜಿಯದೆನ್ನಲಾದ ಕನ್ನಡಕವಿತ್ತು. ದಕ್ಷಿಣ ಆಫ್ರಿಕದಲ್ಲಿದ್ದ ಬಂಧುವೊಬ್ಬರಿಗೆ ಗಾಂಧೀಜಿ ಕೊಟ್ಟದ್ದೆಂಬುದು ಆ ಕುಟುಂಬದ ನಂಬಿಕೆ. ಬೆಲೆಯಿಲ್ಲದಿದ್ದರೆ ಎಸೆದುಬಿಡಿ ಎಂದು ಒಡೆಯರು ಹೇಳಿದ್ದರೆಂದು ಹರಾಜುಗಾರರು ತಿಳಿಸಿದರು. ಆಗಸ್ಟ್ 21ರಂದು ಅದು 2,60,000 ಪೌಂಡಿಗೆ, ಅಂದರೆ ಸುಮಾರು ಎರಡೂವರೆ ಕೋಟಿ ರೂಪಾಯಿಗಳಿಗೆ, ಒಬ್ಬ ಅಮೆರಿಕನ್ ಸಂಗ್ರಾಹಕರ ಪಾಲಾಯಿತು. ಲಕೋಟೆಯೊಳಗಿದ್ದ ಗಾಜಿಗೂ ಹರಾಜಿನ ಮೇಜಿನ ಮೇಲಿದ್ದ ಗಾಜಿಗೂ ಏನೂ ವ್ಯತ್ಯಾಸವಿರಲಿಲ್ಲ. ಇಬ್ಬರು ಬಯಸಿದರೆ ಸಾಕು, ಹರಾಜಿನಲ್ಲಿ ಬೆಲೆ ಏರುತ್ತದೆ. ಎದುರಾಳಿಯ ಮೇಲೆ ಕ್ರೋಧ, ಸೋಲಬಾರದೆಂಬ ಮಾನ, ತನ್ನ ಮಿತಿಯನ್ನು ಮರೆಮಾಚುವ ಮಾಯೆ, ಪಡೆಯಬೇಕೆಂಬ ಲೋಭ, ಈ ನಾಲ್ಕು ಕಷಾಯಗಳೂ ಕೆಲವೇ ನಿಮಿಷಗಳಲ್ಲಿ ಒಟ್ಟಿಗೆ ಉದಯಿಸುವ ಸ್ಥಳ ಹರಾಜಿನ ಸಭಾಂಗಣ.

ಅಪರಿಗ್ರಹದ ಪ್ರಶ್ನೆಗಿಂತಲೂ ಮೊದಲು ಕೇಳಬೇಕಾದದ್ದು ಅಚೌರ್ಯದ ಪ್ರಶ್ನೆ. ಅಚೌರ್ಯಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಕಳ್ಳನಿಗೆ ಪ್ರೇರಣೆ ಕೊಡುವುದು, ಕಳ್ಳನು ತಂದದ್ದನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ನಕಲಿಯನ್ನು ಅಸಲೆಂದು ವ್ಯವಹರಿಸುವುದು. ಶತಮಾನಗಳ ಹಿಂದೆ ಹೇಳಿದ ಈ ಐದೂ ಇಂದಿನ ಪ್ರಾಚೀನ ವಸ್ತುಗಳ ಪೇಟೆಯನ್ನು ಕಣ್ಣಾರೆ ಕಂಡು ಹೇಳಿದಂತಿವೆ.

ಮೊದಲ ಎರಡನ್ನು ನೋಡೋಣ. 2013ರ ಜುಲೈಯಲ್ಲಿ ಮೂಡುಬಿದಿರೆಯ ಗುರುಬಸದಿಯ ಸಿದ್ಧಾಂತ ದರ್ಶನದಿಂದ ಅಮೂಲ್ಯ ಜಿನಬಿಂಬಗಳು ಕಳುವಾದಾಗ ಇಡೀ ಸಮಾಜ ತಲ್ಲಣಿಸಿತು. ಅವುಗಳಲ್ಲಿ ಹಲವನ್ನು ಪೋಲೀಸರು ಮರಳಿ ತಂದರು. ಕೊಳ್ಳುವವನು ಎಲ್ಲಿಯೋ ಇದ್ದಾನೆಂಬ ಭರವಸೆಯಿಲ್ಲದೆ ಯಾವ ಕಳ್ಳನೂ ಬಿಂಬವನ್ನು ಕದಿಯುವುದಿಲ್ಲ. ನಮ್ಮ ಬೆಳ್ವೊಲ ನಾಡಿಗೆ ಈ ನೋವು ಹೊಸದಲ್ಲ. ಅಣ್ಣಿಗೇರಿಯ ಗಂಗಪೆರ್ಮಾಡಿ ಬಸದಿಯು ಹನ್ನೊಂದನೆಯ ಶತಮಾನದ ಚೋಳರ ದಾಳಿಯಲ್ಲಿ ಹಾಳಾಗಿ ಬಳಿಕ ಜೀರ್ಣೋದ್ಧಾರಗೊಂಡ ಸಂಗತಿಯನ್ನು ಗಾವರವಾಡದ ಶಾಸನ ದಾಖಲಿಸಿದೆ. ಅಂದು ಶತ್ರುವಿನ ದಂಡು ಮಾಡಿದ್ದನ್ನು ಇಂದು ಅಜಾಗ್ರತೆ ಮಾಡುತ್ತದೆ. ಕುಟುಂಬವು ಹಳ್ಳಿಯಿಂದ ಹುಬ್ಬಳ್ಳಿಗೋ ಪುಣೆಗೋ ಹೋಗುವಾಗ ದೇವರ ಜಗಲಿಯ ಚಿಕ್ಕ ಚೌವೀಸ ತೀರ್ಥಂಕರ ಬಿಂಬ, ಕಂಚಿನ ಗಂಟೆ, ಓಲೆಗರಿಯ ಕಟ್ಟು ಎಲ್ಲವೂ ಹಳೆಯ ಸಾಮಾನಿನ ಲೆಕ್ಕಕ್ಕೆ ಸೇರುವುದುಂಟು. ಕಿಲೋ ಲೆಕ್ಕದಲ್ಲಿ ಹೋದ ಬಿಂಬವು ಮುಂದೆ ಯಾವುದೋ ಹರಾಜಿನ ಪಟ್ಟಿಯಲ್ಲಿ ಬರಿಯ ‘ಕಂಚಿನ ಮೂರ್ತಿ’ಯಾಗಿ ಕಾಣಿಸಿಕೊಂಡರೆ ಯಾರನ್ನು ದೂರುವುದು?

ಮೂರನೆಯದು ರಾಜ್ಯದ ಕಟ್ಟಳೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತುಗಳ ಕಾನೂನು 1976ರಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಕಡಿಮೆಯಲ್ಲದ ಐತಿಹಾಸಿಕ ವಸ್ತುಗಳೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಲ್ಲದ ಮಹತ್ತ್ವದ ಹಸ್ತಪ್ರತಿಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಗತಕಾಲದ ವಿಜ್ಞಾನ ಮತ್ತು ಕರಕೌಶಲಗಳನ್ನು ತೋರಿಸುವ ವಸ್ತುಗಳೆಂಬ ಮಾತೂ ಅದರಲ್ಲಿರುವುದರಿಂದ, ಭೂಮಾಪನದ ಹಳೆಯ ಥಿಯೊಡೊಲೈಟ್, ದುರ್ಬೀನುಗಳೂ ನೂರು ದಾಟಿದರೆ ಬರಿಯ ಅಲಂಕಾರದ ಸಾಮಾನಾಗಿ ಉಳಿಯುವುದಿಲ್ಲ. ಇಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಮೂರ್ತಿಗಳೇ ಮೊದಲಾದ ಕೆಲವು ವರ್ಗಗಳ ವಸ್ತುಗಳನ್ನು ಮನೆಯಲ್ಲಿದ್ದರೂ ನೋಂದಾಯಿಸಬೇಕು. ವಿದೇಶದಲ್ಲಿರುವ ಮಗನಿಗೆ ಅಜ್ಜನ ಮನೆಯ ಬಿಂಬವನ್ನು ಚೀಲದಲ್ಲಿಟ್ಟು ಕಳುಹಿಸುವ ತಾಯಿಯ ಭಕ್ತಿ ನಿರ್ಮಲವಾಗಿರಬಹುದು. ಆದರೂ ಅದು ಕಾನೂನಿನ ಉಲ್ಲಂಘನೆ, ವ್ರತದ ಅತಿಚಾರವೂ ಹೌದು.

ಕೊನೆಯ ಎರಡು ಅತಿಚಾರಗಳು ಮಾರುವವನ ನಾಲಿಗೆಗೆ ಸಂಬಂಧಿಸಿದವು. ಲಂಡನ್ನಿನ ಹಳೆಯ ಕುಶಲಕರ್ಮಿಗಳ ಹೆಸರನ್ನೂ ಹತ್ತೊಂಬತ್ತನೆಯ ಶತಮಾನದ ವರ್ಷವನ್ನೂ ಕೆತ್ತಿದ ಹಿತ್ತಾಳೆಯ ದುರ್ಬೀನು, ದಿಕ್ಸೂಚಿ, ಸೆಕ್ಸ್ಟಂಟ್‌ಗಳು ನಮ್ಮ ದೇಶದಲ್ಲಿಯೇ, ರೂರ್ಕಿಯಂಥ ಊರುಗಳಲ್ಲಿ, ಹೊಸದಾಗಿ ತಯಾರಾಗುತ್ತವೆ. ಅಲಂಕಾರಕ್ಕೆಂದು ಅವನ್ನು ತಯಾರಿಸುವ ಕೆಲಸಗಾರನದು ಪ್ರಾಮಾಣಿಕ ದುಡಿಮೆ; ಹುಣಸೆಹಣ್ಣಿನ ಹುಳಿಯಿಂದಲೋ ಹೊಗೆಯಿಂದಲೋ ಬಣ್ಣ ಕೆಡಿಸಿ ‘ನೂರೈವತ್ತು ವರ್ಷದ್ದು’ ಎಂದು ಮಾರುವವನದು ಪ್ರತಿರೂಪಕ ವ್ಯವಹಾರ. ನಮ್ಮ ರಾಜ್ಯದ ಹೆಮ್ಮೆಯಾಗಿದ್ದ ಎಚ್.ಎಂ.ಟಿ. ಗಡಿಯಾರಗಳ ಗತಿಯೂ ಇದೇ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಉತ್ಪಾದನೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಒಂದು ಕಾಲಕ್ಕೆ ಮದುವೆಯ ಉಡುಗೊರೆಯಾಗಿ ಹಳ್ಳಿಹಳ್ಳಿಗೂ ತಲುಪಿದ್ದ ‘ಜನತಾ’ ಗಡಿಯಾರವನ್ನು ಇಂದು ಸಂಗ್ರಾಹಕರು ಹುಡುಕುತ್ತಾರೆ. ಬೇಡಿಕೆ ಬಂದೊಡನೆ, ಹಲವು ಗಡಿಯಾರಗಳ ಭಾಗಗಳನ್ನು ಕೂಡಿಸಿ, ಮುಖಫಲಕಕ್ಕೆ ಹೊಸ ಬಣ್ಣ ಬಳಿದು, ಅಸಲಿ ಎಂದು ಮಾರುವವರೂ ಬಂದರು. ಕೊಳ್ಳುವ ಶ್ರಾವಕನು ಮೋಸಹೋಗಬಾರದೆಂಬುದು ವ್ಯವಹಾರದ ಮಾತು. ತಿಳಿದ ಮೇಲೆ ಅದನ್ನು ಮತ್ತೊಬ್ಬನಿಗೆ ದಾಟಿಸಬಾರದೆಂಬುದು ಧರ್ಮದ ಮಾತು.

ಅಹಿಂಸೆಯ ದೃಷ್ಟಿಯಿಂದಲೂ ಈ ಪೇಟೆಯನ್ನು ನೋಡಬೇಕು. ಹಳೆಯ ದುರ್ಬೀನುಗಳಿಗೆ ಚರ್ಮದ ಹೊದಿಕೆ, ನಾಟಕ ನೋಡುವ ಕೈದುರ್ಬೀನುಗಳಿಗೆ ಆನೆಯ ದಂತ, ಕನ್ನಡಕದ ಚೌಕಟ್ಟಿಗೆ ಕಡಲಾಮೆಯ ಚಿಪ್ಪು, ಇವು ಆ ಕಾಲದ ಸಾಮಾನ್ಯ ಸಾಮಗ್ರಿಗಳು. ಪ್ರಾಣಿ ಸತ್ತು ನೂರು ವರ್ಷವಾಯಿತು, ಈಗ ಕೊಂಡರೇನು ದೋಷ ಎಂಬ ವಾದವನ್ನು ನಾವು ಕೇಳುತ್ತೇವೆ. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಹಿಂಸೆಯು ಬಂದು ತಟ್ಟುತ್ತದೆಂದು ಬಲ್ಲವರಿಗೆ ಉತ್ತರ ಕಠಿಣವಲ್ಲ. ಹಳೆಯ ದಂತಕ್ಕೆ ಕೊಟ್ಟ ಬೆಲೆಯು ದಂತಕ್ಕೆ ಬೆಲೆಯಿದೆಯೆಂಬ ಅನುಮೋದನೆಯಾಗುತ್ತದೆ. ಹೊಸ ದಂತವು ಹಳೆಯದರ ಹೆಸರಿನಲ್ಲಿ ಬರಲು ಅದೇ ದಾರಿಯಾಗುತ್ತದೆ. ನಮ್ಮ ದೇಶದ ವನ್ಯಜೀವಿ ಕಾನೂನು 1986ರ ತಿದ್ದುಪಡಿಯಿಂದ ಭಾರತೀಯ ದಂತದ ವ್ಯಾಪಾರವನ್ನೂ, 1991ರಲ್ಲಿ ಆಫ್ರಿಕದ ದಂತದ ವ್ಯಾಪಾರವನ್ನೂ ನಿಲ್ಲಿಸಿತು. ಹಳೆಯ ಕೈಗಡಿಯಾರಗಳಲ್ಲಿ ಕತ್ತಲೆಯಲ್ಲಿ ಹೊಳೆಯುವ ರೇಡಿಯಂ ಅಂಕಿಗಳ ಹಿಂದೆ ಮನುಷ್ಯರ ಹಿಂಸೆಯೂ ಇದೆ. ಅಮೆರಿಕದ ನ್ಯೂಜರ್ಸಿಯ ಕಾರ್ಖಾನೆಯಲ್ಲಿ ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿ ಆ ಅಂಕಿಗಳನ್ನು ಬರೆದ ಎಳೆಯ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆಯ ಎಲುಬು ಕೊಳೆತು ಸತ್ತರು. ರೇಡಿಯಂ ಅರ್ಧ ಕ್ಷೀಣಿಸಲು ಸುಮಾರು 1600 ವರ್ಷ ಬೇಕು. ಹೊಳಪು ಆರಿದ ಮೇಲೂ ವಿಷ ಆರುವುದಿಲ್ಲ. ಅಂಥ ಗಡಿಯಾರವನ್ನು ಬಿಚ್ಚಿ ಮಕ್ಕಳ ಕೈಗೆ ಕೊಡುವುದು ಪ್ರಮಾದವೇ ಸರಿ.

ಹಾಗಾದರೆ ಹಳೆಯದನ್ನು ಯಾರೂ ಉಳಿಸಬಾರದೇ ಎಂಬ ಆಕ್ಷೇಪ ಬರುವುದು ಸಹಜ. ಜೀರ್ಣೋದ್ಧಾರವನ್ನು ಪುಣ್ಯವೆಂದೂ ಶಾಸ್ತ್ರರಕ್ಷಣೆಯನ್ನು ಶ್ರುತಪಂಚಮಿಯ ವ್ರತವಾಗಿಯೂ ಆಚರಿಸುವ ಸಮಾಜ ಹಾಗೆ ಹೇಳಲಾರದು. ಓಲೆಗರಿಗಳನ್ನು ಪ್ರತಿಮಾಡಿಸಿ ಹಂಚಿದ ಅತ್ತಿಮಬ್ಬೆಯ ಪರಂಪರೆ ನಮ್ಮದು. ಆಕೆ ಕಾಪಾಡಿದ್ದು ಹಂಚುವುದಕ್ಕಾಗಿ. ರಕ್ಷಣೆಗೂ ಸಂಗ್ರಹಕ್ಕೂ ಇರುವ ಭೇದವನ್ನು ಈ ಒಂದು ಮಾತಿನಿಂದಲೇ ಗುರುತಿಸಬಹುದು. ಧಾರವಾಡದಲ್ಲಿ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಸೇರಿದ ಹಸ್ತಪ್ರತಿಯನ್ನು ವಿದ್ಯಾರ್ಥಿ ಓದಬಲ್ಲ. ತಿಜೋರಿಗೆ ಸೇರಿದ್ದನ್ನು ಒಡೆಯನೂ ಓದುವುದಿಲ್ಲ. ಮಲ್ಯರೇ ಲಂಡನ್ನಿನ ಹರಾಜಿನಲ್ಲಿ ಕೊಂಡು 2004ರಲ್ಲಿ ಪ್ರಕಟಪಡಿಸಿದ ಟಿಪ್ಪು ಸುಲ್ತಾನನ ಖಡ್ಗದ ಮುಂದಿನ ಕಥೆಯನ್ನೂ ಇಲ್ಲಿ ಸ್ಮರಿಸಬಹುದು. ಅದು ಮನೆಗೆ ಅಶುಭ ತರುತ್ತದೆಂದು 2016ರಲ್ಲಿ ಬೇರೆಯವರಿಗೆ ಕೊಟ್ಟುಬಿಟ್ಟುದಾಗಿ 2018ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಅವರ ಪರವಾಗಿ ಹೇಳಲಾಯಿತು. ದೇಶಕ್ಕೆ ಮರಳಿತೆಂದು ಜನ ನಂಬಿದ ವಸ್ತುವು ಒಬ್ಬ ವ್ಯಕ್ತಿಯ ಭಾಗ್ಯದೊಡನೆ ಏರಿ ಇಳಿಯಿತು. ಖಾಸಗಿ ಒಡೆತನವನ್ನು ಸಾರ್ವಜನಿಕ ಗೌರವವೆಂದು ಭ್ರಮಿಸಬಾರದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಗೌರವವನ್ನು ತೋರಬೇಕಾದ ಸ್ಥಳಗಳು ನಮ್ಮ ಸುತ್ತಲೇ ಇವೆ. ಧಾರವಾಡ ತಾಲೂಕಿನ ಗರಗದಲ್ಲಿ ರಾಷ್ಟ್ರಧ್ವಜದ ಖಾದಿಯನ್ನು ನೇಯುತ್ತ ಬಂದಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಆ ಧ್ವಜವನ್ನು ಸಿದ್ಧಪಡಿಸುತ್ತದೆ. 2021ರ ಡಿಸೆಂಬರಿನ ತಿದ್ದುಪಡಿಯು ಯಂತ್ರದಿಂದ ತಯಾರಿಸಿದ ಪಾಲಿಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟ ಮೇಲೆ ಅಲ್ಲಿಯ ಕೈಮಗ್ಗಗಳು ಸಂಕಷ್ಟಕ್ಕೆ ಸಿಲುಕಿದವು. ನವಲಗುಂದದ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದನ್ನು ನೇಯುವ ಮಹಿಳೆಯರು ಮಾತ್ರ ಬೆರಳೆಣಿಕೆಗೆ ಇಳಿದಿದ್ದಾರೆ. ಹಳೆಯ ಜಮಖಾನೆಯನ್ನು ಅಪರೂಪದ ವಸ್ತುವೆಂದು ದುಬಾರಿ ಬೆಲೆಗೆ ಕೊಳ್ಳುವವನು ಮಗ್ಗದ ಮುಂದೆ ಕುಳಿತವಳಿಂದ ಒಂದು ಹೊಸದನ್ನು ಕೊಳ್ಳದಿದ್ದರೆ, ಅವನ ಪ್ರೀತಿ ಕಲೆಯ ಮೇಲಿದೆಯೋ ಅಪರೂಪದ ಮೇಲಿದೆಯೋ ವಿಚಾರಿಸಬೇಕು.

ನಮ್ಮ ಕುಟುಂಬಗಳಿಗೂ ಬಸದಿಗಳ ಟ್ರಸ್ಟುಗಳಿಗೂ ಕೆಲವು ವಿನಂತಿಗಳಿವೆ. ಪ್ರತಿಯೊಂದು ಬಸದಿಯೂ ತನ್ನ ಬಿಂಬ, ಗಂಟೆ, ದೀಪ, ಹಸ್ತಪ್ರತಿಗಳ ಪಟ್ಟಿಯನ್ನು ಛಾಯಾಚಿತ್ರ, ಎತ್ತರ, ತೂಕ, ಪೀಠದ ಬರಹಗಳೊಡನೆ ಸಿದ್ಧಪಡಿಸಿ ಒಂದು ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇಡಬೇಕು. ದಾಖಲೆಯಿಲ್ಲದ ವಸ್ತು ಕಳುವಾದರೆ ನಮ್ಮದೆಂದು ಸಾಧಿಸುವುದೇ ಕಷ್ಟ. ಪುರಾತತ್ತ್ವ ಇಲಾಖೆಯಲ್ಲಿ ನೋಂದಣಿಗೆ ಅರ್ಹವಾದವುಗಳನ್ನು ನೋಂದಾಯಿಸಬೇಕು. ಹಳ್ಳಿಯ ಮನೆಯನ್ನು ಮುಚ್ಚುವ ಕುಟುಂಬವು ಗುಜರಿಯವನನ್ನು ಕರೆಯುವ ಮೊದಲು ಊರ ಬಸದಿಯ ಪಂಚರನ್ನು ಕರೆಯಬೇಕು. ದಾನವಾಗಿ ಬಂದ ಹಳೆಯ ವಸ್ತುವನ್ನು ಟ್ರಸ್ಟುಗಳು ಸ್ವೀಕರಿಸುವಾಗ ಅದು ಎಲ್ಲಿಂದ ಬಂದಿತೆಂದು ಲಿಖಿತವಾಗಿ ಕೇಳಬೇಕು. ದಾನಿಗೆ ಅವಮಾನವಾದೀತೆಂಬ ಸಂಕೋಚ ಇಲ್ಲಿ ಸಲ್ಲದು. ಅನ್ಯ ಬಸದಿಯಿಂದ ಕಳುವಾದ ಬಿಂಬಕ್ಕೆ ನಮ್ಮಲ್ಲಿ ಪೂಜೆ ಸಲ್ಲಿಸಿದರೆ ಆ ಊರಿನ ಶ್ರಾವಕರ ಕಣ್ಣೀರು ಅಭಿಷೇಕದ ನೀರಿನೊಡನೆ ಬೆರೆಯುತ್ತದೆ.

ಹರಾಜಿನಲ್ಲಿ ಕೊಳ್ಳಲೇಬೇಕೆನ್ನುವವರು ಹೋಗುವ ಮೊದಲೇ ಮನೆಯವರೆದುರು ಮೊತ್ತದ ಮಿತಿಯನ್ನು ನಿಶ್ಚಯಿಸಲಿ. ವಸ್ತುವಿನ ಹಿಂದಿನ ಒಡೆತನದ ಪತ್ರಗಳನ್ನು ಕೇಳಲಿ, ಪತ್ರವಿಲ್ಲದಿದ್ದರೆ ಕೈಬಿಡಲಿ. ದಂತ, ಚಿಪ್ಪುಗಳನ್ನು ಮುಟ್ಟದಿರಲಿ. ಹೊಸದೊಂದು ಬಂದಾಗ ಹಳೆಯದೊಂದನ್ನು ಶಾಲೆಗೋ ಸಂಗ್ರಹಾಲಯಕ್ಕೋ ಕೊಡುವ ನಿಯಮವಿಟ್ಟುಕೊಳ್ಳಲಿ. ಹಿತ್ತಾಳೆಯ ಒಂದು ಸೂಕ್ಷ್ಮದರ್ಶಕವು ಗಾಜಿನ ಕಪಾಟಿನಲ್ಲಿರುವುದಕ್ಕಿಂತ ಕಲಘಟಗಿಯ ಒಂದು ಶಾಲೆಯ ಮೇಜಿನ ಮೇಲಿದ್ದರೆ, ನೀರಿನ ಒಂದು ಹನಿಯಲ್ಲಿ ಎಷ್ಟು ಜೀವಗಳಿವೆಯೆಂದು ಮಕ್ಕಳು ಕಣ್ಣಾರೆ ಕಾಣುತ್ತಾರೆ. ನೀರನ್ನು ಸೋಸಿ ಕುಡಿಯಬೇಕೆಂದು ಹಿರಿಯರು ಏಕೆ ಹೇಳಿದರೆಂಬುದು ಅವರಿಗೆ ಆಗ ಬೋಧೆಯಿಲ್ಲದೆಯೇ ತಿಳಿಯುತ್ತದೆ. ಆ ಉಪಕರಣವನ್ನು ಮಾಡಿದವನ ಉದ್ದೇಶವೂ ನೋಡಿಸುವುದೇ ಆಗಿತ್ತು.